ಪೆಂಟಾಕ್ಸ್ ಕೆ1000ಕ್ಕೆ ಎರಡು ಸಾವಿರದೊಳಗೆ ಫ್ಲ್ಯಾಶ್: ಒಂದು ಪ್ರಕರಣ

ಕ್ಯಾಮೆರಾ ಪೆಂಟಾಕ್ಸ್ ಕೆ1000, ಜೊತೆಗೆ 50 ಎಂಎಂ ಎಫ್ 2 ಲೆನ್ಸ್. ನನ್ನ ಅಕ್ಕನ ಮಗಳಿಗೆ ಅವಳ ಅಪ್ಪನಿಂದ ಬಂದದ್ದು. ಭಾವ ಅದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಸೆಪಟ್ಟು ಕೊಂಡು, ಸಂಸಾರ ಶುರುವಾದ ಮೇಲೆ ಅಟ್ಟ ಸೇರಿಸಿದ್ದರು. ಈಗ ಅದರಿಂದ ಆಗಬೇಕಾದ ಕೆಲಸ, ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆಯಲ್ಲಿ ಅವಳ ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯ ಫೋಟೊಗಳನ್ನು ಫಿಲ್ಮಿನಲ್ಲೇ ತೆಗೆಯುವುದು. ಆ ಮನೆಯ ನಡುಮನೆಯಲ್ಲಿ ಮಟಮಟ ಮಧ್ಯಾಹ್ನವೂ ಲೈಟು ಹಾಕಿಕೊಂಡೇ ಕೂರಬೇಕು, ಫ್ಲ್ಯಾಶ್ ಇಲ್ಲದೆ ನಡೆಯುವ ಮಾತಲ್ಲ. ಕೈಯಲ್ಲಿದ್ದ ದುಡ್ಡು ಎರಡು ಸಾವಿರ. "ಅದಕ್ಕಿಂತ ಜಾಸ್ತಿ ಆದ್ರೆ ಫಿಲ್ಮ್ ತಗೊಳಕ್ಕೆ ದುಡ್ಡಿರಲ್ಲ ಮಾವ" ಎಂದು ಮೊದಲೇ ಹೇಳಿದ್ದಳು. ಬಣ್ಣದ ಫಿಲ್ಮ್, ತೊಳೆಯುವುದು, ಸ್ಕ್ಯಾನು ಎಲ್ಲ ಸೇರಿಸಿದರೆ ಆಗ ಒಂದು ಫ್ರೇಮಿಗೆ ಐವತ್ತು ರೂಪಾಯಿಯ ಆಸುಪಾಸು ಬೀಳುತ್ತಿದ್ದುದರಿಂದ ಅವಳ ಮಾತು ಸರಿಯೇ.

ಕೊನೆಗೆ ಆ ಪೆಂಟಾಕ್ಸಿನ ತಲೆಯ ಮೇಲೆ ಕೂತದ್ದು ನಿಕಾನ್ ಎಸ್‌ಬಿ-24 ಎಂಬ ಫ್ಲ್ಯಾಶ್, 1,500 ರೂಪಾಯಿಗೆ. ಕ್ಯಾಮೆರಾ ಬೇರೆ ಕಂಪನಿಯದು, ಫ್ಲ್ಯಾಶಿನ ಮಾದರಿ ಕ್ಯಾಮೆರಾದ ಮಾದರಿಗಿಂತ ಹನ್ನೆರಡು ವರ್ಷ ಆಮೇಲಿನದು. ಹಳೇ ಮ್ಯಾನುವಲ್ ಕ್ಯಾಮೆರಾಕ್ಕೆ ಫ್ಲ್ಯಾಶ್ ಹುಡುಕುವವರು ಸಾಮಾನ್ಯವಾಗಿ ಅದೇ ಕಂಪನಿಯ, ಅದೇ ಕಾಲದ ಜೋಡಿಗಾಗಿ ಅಲೆಯುತ್ತಾರೆ. ನನ್ನ ಪ್ರಕಾರ ದುಡ್ಡು ಪೋಲಾಗುವುದು ಅಲ್ಲೇ. ಯಾಕೆ ಅನ್ನುವುದು ಕ್ಯಾಮೆರಾವನ್ನು ನೋಡಿದರೆ ತಿಳಿಯುತ್ತದೆ.

ಕ್ಯಾಮೆರಾ ಕೇಳುವುದು ಎಷ್ಟು?

ಕೆ1000 ತಯಾರಾದದ್ದು 1976ರಿಂದ 1997ರವರೆಗೆ. ಪೂರ್ತಿ ಮೆಕ್ಯಾನಿಕಲ್ ಯಂತ್ರ. ತಳದಲ್ಲಿ ಹಾಕುವ ಒಂದು ಎಲ್‌ಆರ್44 ಗುಂಡಿ ಸೆಲ್ಲಿಗೆ ಲೈಟ್ ಮೀಟರಿನ ಮುಳ್ಳು ಆಡಿಸುವುದೊಂದೇ ಕೆಲಸ. ಸೆಲ್ ಸತ್ತರೂ ಶಟರ್ ಓಡುತ್ತದೆ. ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ನಡುವೆ ಇರುವುದು ಒಂದೇ ಒಂದು ಕಾಂಟ್ಯಾಕ್ಟ್. ಶಟರ್ ತೆರೆದ ಗಳಿಗೆಗೆ ಆ ಕಾಂಟ್ಯಾಕ್ಟ್ ಕೂಡುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಅಲ್ಲಿಗೆ ಕ್ಯಾಮೆರಾದ ಪಾತ್ರ ಮುಗಿಯಿತು. ಯಾವ ಫಿಲ್ಮ್ ಹಾಕಿದೆ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಷ್ಟಿದೆ, ಬೆಳಕು ಸಾಕಾಯಿತೇ ಎಂಬ ಯಾವ ಸುದ್ದಿಯನ್ನೂ ಅದು ಫ್ಲ್ಯಾಶಿಗೆ ಮುಟ್ಟಿಸುವುದಿಲ್ಲ. ಮುಟ್ಟಿಸಲು ದಾರಿಯೇ ಇಲ್ಲ.

ಹಾಗಾಗಿ ಲೆನ್ಸಿನೊಳಗಿಂದ ಬೆಳಕು ಅಳೆದು ಫ್ಲ್ಯಾಶನ್ನು ನಿಲ್ಲಿಸುವ ಟಿಟಿಎಲ್ ವ್ಯವಸ್ಥೆ ಈ ಕ್ಯಾಮೆರಾದಲ್ಲಿ ನಡೆಯದು. ಫ್ಲ್ಯಾಶ್ ಯಾವ ಕಂಪನಿಯದಾದರೂ ಅಷ್ಟೇ, ಪೆಂಟಾಕ್ಸಿನದೇ ಆದರೂ ಅಷ್ಟೇ. 'ಕೆ1000ಕ್ಕೆ ಒರಿಜಿನಲ್ ಫ್ಲ್ಯಾಶ್' ಎಂದು ಹೇಳಿ ಹೆಚ್ಚು ದುಡ್ಡು ಕೇಳುವವರು ಮಾರುತ್ತಿರುವುದು ಮೈಮೇಲಿನ ಹೆಸರನ್ನು. ಬೇಕಾದದ್ದು ಶೂಗೆ ತೂರುವ, ನಡುವೆ ಕಾಂಟ್ಯಾಕ್ಟ್ ಇರುವ ಮಾಮೂಲಿ ಕಾಲು, ಮತ್ತು ಫ್ಲ್ಯಾಶಿಗೇ ಒಂದು ಸ್ವಂತ ಕಣ್ಣು.

ಕಣ್ಣು ಅಂದರೆ ಫ್ಲ್ಯಾಶಿನ ಮುಖದಲ್ಲಿರುವ ಪುಟ್ಟ ಸೆನ್ಸರ್. ಇಂಥ ಫ್ಲ್ಯಾಶಿಗೆ ಫಿಲ್ಮಿನ ಐಎಸ್ಒ (ಬೆಳಕಿಗೆ ಅದು ಎಷ್ಟು ಚುರುಕು ಎನ್ನುವ ಅಂಕಿ) ಮತ್ತು ಬಳಸುವ ಅಪರ್ಚರನ್ನು ನಾವೇ ಹೇಳುತ್ತೇವೆ. ಹೊಡೆದ ಬೆಳಕು ಎದುರಿನವರ ಮೇಲೆ ಬಿದ್ದು ಹಿಂದಿರುಗುವುದನ್ನು ಸೆನ್ಸರ್ ಅಳೆಯುತ್ತದೆ. ಸಾಕೆನಿಸಿದ ತಕ್ಷಣ, ಹಾಲು ಉಕ್ಕುವ ಮುಂಚೆ ಉರಿ ಇಳಿಸಿದ ಹಾಗೆ, ಬೆಳಕನ್ನು ಕಡಿಯುತ್ತದೆ. ಹತ್ತಿರದವರಿಗೆ ಕಡಿಮೆ, ದೂರದವರಿಗೆ ಹೆಚ್ಚು. ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಇರುವ ಫ್ಲ್ಯಾಶ್ ಆದರೆ ಉಳಿದ ವಿದ್ಯುತ್ತು ಅದನ್ನು ಕೂಡಿಡುವ ಕೆಪಾಸಿಟರಿನಲ್ಲೇ ಉಳಿಯುತ್ತದೆ, ಮುಂದಿನ ಹೊಡೆತಕ್ಕೆ ಬೇಗ ಸಿದ್ಧವಾಗುತ್ತದೆ, ಸೆಲ್ ಹೆಚ್ಚು ಹೊತ್ತು ಬರುತ್ತದೆ. ಅದಕ್ಕೂ ಹಿಂದಿನ ಆಟೊ ಫ್ಲ್ಯಾಶ್‌ಗಳು ಮಿಕ್ಕ ವಿದ್ಯುತ್ತನ್ನು ಒಳಗೇ ಸುಟ್ಟು ಕಳೆಯುತ್ತಿದ್ದವು. ಈ ಲೆಕ್ಕಾಚಾರ ಪೂರ್ತಿ ಫ್ಲ್ಯಾಶಿನದೇ ಆದ್ದರಿಂದ ಕೆಳಗಿರುವ ಕ್ಯಾಮೆರಾ ಪೆಂಟಾಕ್ಸೋ ಯಾಶಿಕಾವೋ ಎಂಬುದು ಅದಕ್ಕೆ ಬೇಕಿಲ್ಲ.

ಕ್ಯಾಮೆರಾ ಹಾಕುವ ಒಂದೇ ಕಟ್ಟಳೆ ಶಟರ್ ವೇಗದ್ದು. ಕೆ1000ರ ಶಟರ್ ಎಂದರೆ ಅಡ್ಡಡ್ಡ ಓಡುವ ಎರಡು ಬಟ್ಟೆಯ ಪರದೆ. ಮೊದಲನೆಯದು ಸರಿದು ದಾರಿ ಬಿಡುತ್ತದೆ, ಎರಡನೆಯದು ಬೆನ್ನಿಗೇ ಬಂದು ಮುಚ್ಚುತ್ತದೆ. 1/60 ಸೆಕೆಂಡಿನವರೆಗೆ ಇಡೀ ಫ್ರೇಮ್ ತೆರೆದುಕೊಂಡಿರುವ ಒಂದು ಗಳಿಗೆ ಇರುತ್ತದೆ. 1/125ಕ್ಕೆ ಏರಿಸಿದರೆ ಮೊದಲನೆಯದು ಆಚೆ ದಡ ಮುಟ್ಟುವ ಮುಂಚೆಯೇ ಎರಡನೆಯದು ಹೊರಟುಬಿಡುತ್ತದೆ. ಫ್ಲ್ಯಾಶ್ ಹೊಡೆದಾಗ ಪರದೆಯ ಮರೆಗಿದ್ದ ಭಾಗ ಫೋಟೊದಲ್ಲಿ ಕಪ್ಪು ಪಟ್ಟಿಯಾಗುತ್ತದೆ. ಈ ಮಿತಿ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ನಿಕಾನ್ ಎಫ್‌ಎಂ10ಕ್ಕೆ 1/125. 1982ರ ಎಫ್‌ಎಂ2ಕ್ಕೆ 1/200, ಅದರ ನಂತರದ ಆವೃತ್ತಿಗೆ 1/250. ರಷ್ಯಾದ ಜೆನಿಟ್-ಇಗೆ ಬರೀ 1/30. ಇನ್ನೂ ಹಳೆಯ ಕೆಲವು ಕ್ಯಾಮೆರಾಗಳಲ್ಲಿ ಎಂ ಮತ್ತು ಎಕ್ಸ್ ಎಂಬ ಎರಡು ಆಯ್ಕೆ ಇರುತ್ತವೆ. ಎಂ ಇರುವುದು ಒಂದು ಸಲ ಉರಿದು ಹೋಗುವ ಬಲ್ಬುಗಳಿಗೆ, ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಎಕ್ಸ್ ಮಾತ್ರ. 1988ರ ನಂತರದ ಮಿನೋಲ್ಟಾ ಆಟೊಫೋಕಸ್ ಕ್ಯಾಮೆರಾದವರು ಮಾತ್ರ ಹುಷಾರಾಗಿರಬೇಕು. ಅವುಗಳ ಶೂ ಆಕಾರವೇ ಬೇರೆ, ಅಡಾಪ್ಟರ್ ಇಲ್ಲದೆ ಮಾಮೂಲಿ ಫ್ಲ್ಯಾಶ್ ಕೂರುವುದಿಲ್ಲ.

ಇನ್ನು ಶಕ್ತಿಯ ಲೆಕ್ಕ. ಫ್ಲ್ಯಾಶ್ ಎಷ್ಟು ಜೋರು ಎಂದು ಹೇಳುವ ಅಂಕಿಯೇ ಗೈಡ್ ನಂಬರ್. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್, ಅಪರ್ಚರಿನಿಂದ ಭಾಗಿಸಿದರೆ ದೂರ. ಮೀಟರಿನಲ್ಲಿ, ಐಎಸ್ಒ 100ಕ್ಕೆ ಹೇಳುವ ಸಂಖ್ಯೆ ಇದು. 200ರ ಫಿಲ್ಮಿಗೆ ಅದನ್ನು 1.4ರಿಂದ, 400ರದ್ದಕ್ಕೆ ಎರಡರಿಂದ ಗುಣಿಸಬೇಕು. ಅವಳು ಹಾಕಲಿದ್ದದ್ದು 200ರ ಫಿಲ್ಮ್. ನಡುಮನೆಯ ಉದ್ದ, ಗುಂಪು ಫೋಟೊ, ಗೋಡೆಗೆ ಹೊಡೆದು ಬೆಳಕು ತರಿಸುವ ಅಗತ್ಯ ಎಲ್ಲ ಸೇರಿಸಿ ಗೈಡ್ ನಂಬರ್ 28ಕ್ಕಿಂತ ಕಡಿಮೆ ಬೇಡ, ತಲೆ ತಿರುಗದ ಫ್ಲ್ಯಾಶ್ ಬೇಡವೇ ಬೇಡ ಎಂದು ತೀರ್ಮಾನಿಸಿದೆವು.

ಕಂಡವು, ಬಿಟ್ಟವು

ಮೊದಲು ಸಿಕ್ಕದ್ದು ಬೆಂಗಳೂರಿನ ಚಿಕ್ಕಪೇಟೆ ಬಳಿಯ ಭಾನುವಾರದ ಸಂತೆಯಲ್ಲಿ ಒಂದು ವಿವಿಟರ್ 283. 1970ರ ದಶಕದ ಈ ಫ್ಲ್ಯಾಶ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮಾರಾಟವಾದದ್ದು. ಇವತ್ತಿಗೂ ಒಳ್ಳೆಯ ಪೀಸ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. ತಲೆ ಮೇಲಕ್ಕೆ ಬಾಗುತ್ತದೆ, ಹಾಗೆ ಬಾಗಿದಾಗಲೂ ಸೆನ್ಸರ್ ಎದುರಿಗೇ ನೋಡುತ್ತಿರುತ್ತದೆ. ಬೆಲೆ ಆರುನೂರು ಅಂದರು. ಹುಡುಗಿ ಅಲ್ಲಿಂದಲೇ ವಾಟ್ಸಾಪಿನಲ್ಲಿ ಫೋಟೊ ಕಳಿಸಿದಳು. ದೊಡ್ಡದು ಮಾಡಿ ನೋಡಿದರೆ, ಮುಖದ ಕೆಳಗೆ ಸೆನ್ಸರ್ ಇರಬೇಕಾದ ಕಡೆ ಚೌಕಾಕಾರದ ತೂತು. 283ರ ಸೆನ್ಸರ್ ಕಳಚಿ ತೆಗೆಯಬಹುದಾದ ಬಿಡಿಭಾಗ. ಇದರದ್ದು ಎಂದೋ ಕಳೆದುಹೋಗಿತ್ತು.

"ಅಲ್ಲಿ ಒಂದು ಪೀಸ್ ಇರಬೇಕಿತ್ತಲ್ಲ ಅಣ್ಣ" ಎಂದರೆ, "ಇದು ಬರೋದೇ ಹಿಂಗೆ ಮೇಡಂ, ಜಪಾನ್ ಮಾಲು" ಎಂಬ ಉತ್ತರ.

ಜಪಾನ್ ಮಾಲು ಎಂಬುದೇ ಇನ್ನೊಂದು ತೊಡಕು. 283ರ ಮೊದಮೊದಲ ಜಪಾನ್ ತಯಾರಿಕೆಯವುಗಳಲ್ಲಿ ಕಾಲಿನ ಟ್ರಿಗರ್ ವೋಲ್ಟೇಜ್, ಅಂದರೆ ಕ್ಯಾಮೆರಾದ ಕಾಂಟ್ಯಾಕ್ಟಿನ ಮೇಲೆ ಬೀಳುವ ವೋಲ್ಟೇಜ್, 200 ದಾಟುವುದುಂಟು. ನಂತರದವುಗಳಲ್ಲಿ ಹತ್ತರ ಆಸುಪಾಸು. ಕೆ1000ರೊಳಗೆ ಅದನ್ನು ಕೂಡಿಸುವುದು ಬರೀ ಲೋಹದ ಸ್ವಿಚ್ಚು, ಅಂಥ ವೋಲ್ಟೇಜಿಗೆಂದೇ ಮಾಡಿದ್ದು, ತಾಳಿಕೊಳ್ಳುತ್ತದೆ. ಆದರೆ ಅದೇ ಫ್ಲ್ಯಾಶನ್ನು ಮರೆತು ಡಿಜಿಟಲ್ ಕ್ಯಾಮೆರಾದ ಮೇಲೆ ಕೂರಿಸಿದರೆ ಒಳಗಿನ ಸರ್ಕ್ಯೂಟು ಹೋಗಬಹುದು. ಅವಳ ಹಾಸ್ಟೆಲಿನಲ್ಲಿ ಎಲ್ಲರ ಸಾಮಾನೂ ಎಲ್ಲರ ಕೈಯಲ್ಲಿ. ಬೇಡ ಎಂದೆ.

ಆಮೇಲೆ ಆನ್‌ಲೈನಿನಲ್ಲಿ ಬೇರೆ ಊರಿನವರೊಬ್ಬರು ಪೆಂಟಾಕ್ಸಿನದೇ ಎಎಫ್160 ಹಾಕಿದ್ದರು, ಬೆಲೆ 3,500. ಗೈಡ್ ನಂಬರ್ 16, ತಲೆ ತಿರುಗುವುದಿಲ್ಲ. ಎಫ್ 5.6ರಲ್ಲಿ 200ರ ಫಿಲ್ಮಿಗೆ ನಾಲ್ಕು ಮೀಟರಿನಾಚೆ ಅದರ ಕೈ ಸಾಗದು. ಕೆ1000ರ ಮೇಲೆ ಕೂರಿಸಿ ಶೋಕೇಸಿನಲ್ಲಿ ಇಡುವವರಿಗೆ ಚಂದ. ಆ ದುಡ್ಡಿನ ಅರ್ಧಕ್ಕೆ ಅದರ ನಾಲ್ಕೈದು ಪಟ್ಟು ಬೆಳಕು ಸಿಗುವಾಗ ಯಾಕೆ ಬೇಕು?

ಹೊಸ ಚೀನೀ ಮ್ಯಾನುವಲ್ ಫ್ಲ್ಯಾಶ್‌ಗಳ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಗೋಡಾಕ್ಸ್, ಯಂಗ್‌ನುವೊ ಮುಂತಾದವುಗಳ ಕೆಳಹಂತದ ಮಾದರಿಗಳು ಎರಡೂವರೆ ಸಾವಿರದ ಆಚೀಚೆ ಸಿಗುತ್ತಿದ್ದವು. ಹೊಸ ಕೆಪಾಸಿಟರ್, ಕಡಿಮೆ ಟ್ರಿಗರ್ ವೋಲ್ಟೇಜ್. ಹಳೇ ಸಾಮಾನಿನ ತಾಪತ್ರಯ ಬೇಡ ಅನ್ನುವವರಿಗೆ ನಾನೇ ಇದನ್ನು ಹೇಳುತ್ತೇನೆ. ಆದರೆ ಆಗ ಆ ಬೆಲೆಗೆ ಸಿಕ್ಕವಕ್ಕೆ ಸ್ವಂತ ಕಣ್ಣಿರಲಿಲ್ಲ. ಶಕ್ತಿಯನ್ನು ಅರ್ಧ, ಕಾಲು, ಅರೆಕಾಲು ಎಂದು ನಾವೇ ತಿರುಗಿಸಬೇಕು, ಪ್ರತಿ ಸಲ ದೂರ ಅಂದಾಜು ಮಾಡಬೇಕು. ಟೇಬಲ್ ಮೇಲೆ ಹೂವಿಟ್ಟು ತೆಗೆಯುವವರಿಗೆ ತೊಂದರೆಯಿಲ್ಲ. ಶಾಂತಿಯ ಮನೆಯಲ್ಲಿ ಒಬ್ಬರು ಅಕ್ಷತೆ ಹಾಕಲು ಬಗ್ಗುತ್ತಾರೆ, ಇನ್ನೊಬ್ಬರು ನಡುವೆ ತಟ್ಟೆ ಹಿಡಿದು ಹಾಯುತ್ತಾರೆ. ಫಿಲ್ಮಿನಲ್ಲಿ ಹಿಂದೆ ತಿರುಗಿಸಿ ನೋಡುವ ಸೌಕರ್ಯವೂ ಇಲ್ಲ.

ಬೀರುವಿನಲ್ಲಿದ್ದ ಫ್ಲ್ಯಾಶ್

ಯಾವ ಫ್ಲ್ಯಾಶ್ ಒಳ್ಳೆಯದು ಅನ್ನುವುದಕ್ಕಿಂತ, ಒಳ್ಳೆಯದಾಗಿದ್ದೂ ಯಾರಿಗೂ ಬೇಡವಾದದ್ದು ಯಾವುದು ಎಂದು ಕೇಳಿದರೆ ಹುಡುಕಾಟ ಸಲೀಸಾಗುತ್ತದೆ. 1980-90ರ ದಶಕದ ನಿಕಾನ್ ಫ್ಲ್ಯಾಶ್‌ಗಳಾದ ಎಸ್‌ಬಿ-24, 25, 26, 28 ಈ ಗುಂಪಿನವು. ಫಿಲ್ಮ್ ಕಾಲದ ಟಿಟಿಎಲ್‌ಗೆಂದು ಮಾಡಿದ ದುಬಾರಿ ಯಂತ್ರಗಳು. ಡಿಜಿಟಲ್ ಬಂದಾಗ ನಿಕಾನ್ ಟಿಟಿಎಲ್ ಪದ್ಧತಿಯನ್ನೇ ಬದಲಿಸಿತು. 2003ರಲ್ಲಿ ಎಸ್‌ಬಿ-800 ಜೊತೆ ಐ-ಟಿಟಿಎಲ್ ಬಂದ ಮೇಲೆ ಹಳೆಯವು ಹೊಸ ಕ್ಯಾಮೆರಾಗಳ ಮೇಲೆ ಟಿಟಿಎಲ್‌ನಲ್ಲಿ ನಡೆಯದಾದವು. ಮದುವೆ ಫೋಟೊಗ್ರಾಫರುಗಳು ಅವನ್ನು ಬದಿಗಿಟ್ಟರು, ಬೆಲೆ ಬಿತ್ತು. ಆದರೆ ಇವೆಲ್ಲದರಲ್ಲೂ ಟಿಟಿಎಲ್ ಪಕ್ಕದಲ್ಲಿ 'ಎ' ಎಂಬ ಇನ್ನೊಂದು ಸ್ಥಾನವಿದೆ. ಸ್ವಂತ ಕಣ್ಣಿನಿಂದ ನೋಡಿ ಹೊಡೆಯುವ ಆಟೊ ಅದು. ಕೆ1000ಕ್ಕೆ ಬೇಕಾದದ್ದು ಅದೊಂದೇ.

ಎಸ್‌ಬಿ-28 ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿತ್ತು, ನಾಲ್ಕೂವರೆ ಸಾವಿರ ಅಂದರು. ಅಷ್ಟು ಹೊತ್ತಿಗೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಸ್ಟುಡಿಯೊ ಮುಚ್ಚಿ ಮನೆಯಲ್ಲಿರುವ ಹಿರಿಯ ಫೋಟೊಗ್ರಾಫರ್ ಒಬ್ಬರ ಬಳಿ 24 ಇದೆ ಎಂದು ಗೆಳೆಯರಿಂದ ತಿಳಿಯಿತು. ನಿಕಾನ್ ಎಫ್4 ಕಾಲದ ಈ ಫ್ಲ್ಯಾಶಿಗೆ, ತಲೆಯ ಜೂಮ್ 35 ಎಂಎಂ ಸ್ಥಾನದಲ್ಲಿದ್ದಾಗ, ಗೈಡ್ ನಂಬರ್ 36. ನಾಲ್ಕು ಪೆನ್ ಸೆಲ್ ಸಾಕು. ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗುತ್ತದೆ.

ಸೆಲ್‌ಗಳನ್ನು ನಾವೇ ಒಯ್ದಿದ್ದೆವು, ಚಾರ್ಜ್ ಮಾಡಿದ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಹಳೇ ಫ್ಲ್ಯಾಶ್ ನೋಡಲು ಹೋಗುವವರು ಇದನ್ನು ಮರೆಯಬಾರದು. ಮಾರುವವರ ಮನೆಯಲ್ಲಿ ಸೆಲ್ ಇರುವುದಿಲ್ಲ, ಇದ್ದರೂ ಗಡಿಯಾರದಿಂದ ಕಿತ್ತ ಕೆಂಪು ಸೆಲ್ ಇರುತ್ತದೆ. ಅದರಲ್ಲಿ ಒಳ್ಳೆಯ ಫ್ಲ್ಯಾಶೂ ಕೆಟ್ಟದ್ದರಂತೆ ಕಾಣುತ್ತದೆ.

"ಬೀರೂಲಿ ಬಿದ್ದಿತ್ತು ನೋಡಮ್ಮ" ಎಂದು ಹಿರಿಯರು ಬಟ್ಟೆಯ ಚೀಲದಿಂದ ತೆಗೆದರು. "ಡಿಜಿಟಲ್ ತಗೊಂಡ್ಮೇಲೆ ಇದು ಟಿಟಿಎಲ್‌ಗೆ ಬರಲ್ಲ ಅಂದ್ರು, ಅವತ್ತಿಂದ ಮುಟ್ಟಿಲ್ಲ. ನಿಂದು ಯಾವ ಕ್ಯಾಮೆರಾ?"

"ಕೆ1000 ಅಂಕಲ್."

"ಹಂಗಾದ್ರೆ ಧಾರಾಳವಾಗಿ ನಡೆಯುತ್ತೆ. ಎ-ಲಿ ಇಟ್ಕೊ, ಆ ಟಿಟಿಎಲ್ ತಂಟೆಗೆ ಹೋಗ್ಬೇಡ. ಹೋದ್ರೆ ಪ್ರತಿ ಸಲ ಫುಲ್ ಹೊಡೆಯುತ್ತೆ."

ಸೆಲ್ ಕೋಣೆಯ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. ಒಂದು ಸ್ಪ್ರಿಂಗಿನ ಬುಡದಲ್ಲಿ ಉಗುರಿನಷ್ಟು ಬಿಳಿ ಹಿಟ್ಟು, ಹಸಿರು ಹತ್ತಿರಲಿಲ್ಲ. ಇಷ್ಟಕ್ಕೆ ಹೆದರಬೇಕಿಲ್ಲ, ವಿನೆಗರ್ ಅದ್ದಿದ ಹತ್ತಿಕಡ್ಡಿಯಲ್ಲಿ ಹೋಗುತ್ತದೆ. ಹಸಿರು ತುಕ್ಕು ತಂತಿಯ ಉದ್ದಕ್ಕೂ ಒಳಗೆ ಹೋಗಿದ್ದರೆ ಬಿಟ್ಟುಬಿಡಬೇಕು. ಮುಂದಿನ ಪ್ಲಾಸ್ಟಿಕ್ ಗಾಜಿನಲ್ಲಿ ಸುಟ್ಟ ಕಂದು ಕಲೆ ಇದೆಯೇ ನೋಡಿದೆವು, ಮದುವೆಗಳಲ್ಲಿ ಬೇಕಾಬಿಟ್ಟಿ ಹೊಡೆದಿದ್ದರೆ ಅದು ಇರುತ್ತದೆ. ಇದರಲ್ಲಿ ಮಾಸಲು ಬಣ್ಣವಷ್ಟೇ. ಹಿಂದಿನ ಎಲ್‌ಸಿಡಿ ಪರದೆಯ ಒಂದು ಮೂಲೆ ಮಾತ್ರ ಮಸಿ ಚೆಲ್ಲಿದಂತೆ ಕಪ್ಪಾಗಿತ್ತು. ಈ ಕಾಲದ ಫ್ಲ್ಯಾಶ್‌ಗಳಿಗೆ ಇದು ಬಂದೇ ಬರುವ ಕಾಯಿಲೆ. ಅಂಕಿಗಳು ಓದಲು ಬರುತ್ತಿದ್ದವು.

ಆನ್ ಮಾಡಿದೊಡನೆ ಕೀಂ ಎಂಬ ಸಣ್ಣ ದನಿ ಹುಟ್ಟಿ ನಿಧಾನ ಮೇಲೇರತೊಡಗಿತು. ರೆಡಿ ದೀಪ ಹತ್ತಲು ಅರ್ಧ ನಿಮಿಷಕ್ಕಿಂತ ಹೆಚ್ಚಾಯಿತು. ಇಲ್ಲಿ ಬಹಳ ಜನ 'ಹೋಗಿದೆ' ಎಂದು ಎದ್ದುಬಿಡುತ್ತಾರೆ. ವರ್ಷಗಟ್ಟಲೆ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗಿನ ಆಕ್ಸೈಡ್ ಪದರ ತೆಳುವಾಗಿರುತ್ತದೆ, ತುಂಬಿದ್ದು ಸೋರುತ್ತದೆ. ಹಾಗೇ ಚಾರ್ಜಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ನಿಮಿಷ ಬಿಟ್ಟು ನಿಮಿಷ ಪೂರ್ತಿ ಶಕ್ತಿಯಲ್ಲಿ ಹೊಡೆಯುತ್ತ ಬಂದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಹಿರಿಯರು ಕಾಫಿ ತರಿಸಿದರು. ಕಾಫಿ ಮುಗಿಯುವ ಹೊತ್ತಿಗೆ ದೀಪ ಹತ್ತು ಸೆಕೆಂಡಿಗೆ ಬಂದಿತ್ತು. ಎಷ್ಟು ಹೊಡೆದರೂ ಇಳಿಯದಿದ್ದರೆ, ಅಥವಾ ಹತ್ತಿದ ದೀಪ ತಾನೇ ಆರಿ ಆರಿ ಹತ್ತುತ್ತಿದ್ದರೆ, ಆಗ ಕೆಪಾಸಿಟರ್ ಮುಗಿದಿದೆ ಎಂದೇ ಅರ್ಥ. ಅದನ್ನು ಬದಲಿಸುತ್ತೇನೆಂದು ಮನೆಯಲ್ಲಿ ಬಿಚ್ಚಬಾರದು. ಒಳಗೆ 300 ವೋಲ್ಟಿಗೂ ಮೇಲೆ ಕೂತಿರುತ್ತದೆ, ಸೆಲ್ ತೆಗೆದ ಮೇಲೂ ಕೂತಿರುತ್ತದೆ.

ಕಣ್ಣಿನ ಪರೀಕ್ಷೆಗೆ ಫಿಲ್ಮೂ ಬೇಡ, ಕ್ಯಾಮೆರಾವೂ ಬೇಡ. ಎ ಸ್ಥಾನದಲ್ಲಿಟ್ಟು ಒಂದು ಮೀಟರ್ ದೂರದ ಬಿಳಿ ಗೋಡೆಗೆ ಹೊಡೆದರೆ ಸಣ್ಣ ಮಿಂಚು, ರೆಡಿ ದೀಪ ಆ ಕ್ಷಣಕ್ಕೇ ಮರಳಿ ಹತ್ತುತ್ತದೆ. ಸೆನ್ಸರಿಗೆ ಬೆರಳು ಅಡ್ಡ ಹಿಡಿದು ಅದೇ ಗೋಡೆಗೆ ಹೊಡೆದರೆ ಕೋಣೆಯೆಲ್ಲ ಬೆಳಗುವಂತೆ ಪೂರ್ತಿ ಹೊಡೆತ. ಕೀಂ ದನಿ ಬುಡದಿಂದ ಶುರುವಾಗುತ್ತದೆ, ದೀಪ ತಡವಾಗಿ ಬರುತ್ತದೆ. ಈ ವ್ಯತ್ಯಾಸ ಕಂಡರೆ ಸೆನ್ಸರೂ ಥೈರಿಸ್ಟರೂ ಬದುಕಿವೆ. ಎರಡೂ ಸಲ ಒಂದೇ ಥರ ಹೊಡೆದರೆ ಕೈಯಲ್ಲಿರುವುದು ಬರೀ ಮ್ಯಾನುವಲ್ ಫ್ಲ್ಯಾಶ್, ಬೆಲೆಯೂ ಹಾಗೇ ಇರಬೇಕು. ನಮ್ಮದರಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು.

"ಎಷ್ಟು ಕೊಡ್ಲಿ ಅಂಕಲ್?"

"ಎರಡು ಕೊಡು."

"ಸ್ಕ್ರೀನ್ ಕಪ್ಪಾಗಿದೆ. ಸೆಲ್ಲಿಗೆ ಬೇರೆ ಖರ್ಚಾಗಿದೆ ನಂಗೆ."

"ಸರಿ, ಹದಿನೈದು ನೂರು ಕೊಟ್ಟು ತಗೊಂಡ್ಹೋಗು. ಇನ್ನೊಂದು ಮಾತು ಕೇಳ್ಕೊ. ಬಿಳಿ ಪಂಚೆ ಶಲ್ಯದವ್ರೇ ತುಂಬಿದ್ರೆ ಅರ್ಧ ಸ್ಟಾಪ್ ಓಪನ್ ಮಾಡು. ಕಪ್ಪು ಬಾಗಿಲ ಮುಂದೆ ನಿಂತಿದ್ರೆ ಅರ್ಧ ಮುಚ್ಚು. ಅದರ ಕಣ್ಣಿಗೆ ಮುಖ ಯಾವ್ದು ಬಟ್ಟೆ ಯಾವ್ದು ಗೊತ್ತಾಗಲ್ಲ."

ಸ್ಟಾಪ್ ಅಂದರೆ ಬೆಳಕನ್ನು ಇಮ್ಮಡಿ ಇಲ್ಲವೇ ಅರ್ಧ ಮಾಡುವ ಒಂದು ಹೆಜ್ಜೆ. ಈ ಒಂದು ಮಾತಿಗೇ ಐನೂರು ರೂಪಾಯಿ ಕೊಡಬಹುದಿತ್ತು.

ಮನೆಯಲ್ಲಿ

ಮೊದಲು ಮಲ್ಟಿಮೀಟರ್. ಡಿಸಿ ವೋಲ್ಟಿನಲ್ಲಿಟ್ಟು, ಫ್ಲ್ಯಾಶ್ ತುಂಬಿ ದೀಪ ಹತ್ತಿದ ಮೇಲೆ, ಒಂದು ಮೊನೆ ಕಾಲಿನ ನಡುವಿನ ಪಿನ್ನಿಗೆ, ಇನ್ನೊಂದು ಕಾಲಿನ ಪಕ್ಕದ ಲೋಹಕ್ಕೆ. ಒಂದಂಕಿಯ ವೋಲ್ಟು ಬಂತು. ಇನ್ನು ಇದನ್ನು ಡಿಜಿಟಲ್ ಕ್ಯಾಮೆರಾದ ಮೇಲೂ ನಿಶ್ಚಿಂತೆಯಿಂದ ಕೂರಿಸಬಹುದು.

ನಿಜವಾದ ಲಾಭ ಸಿಕ್ಕದ್ದು ಅಲ್ಲೇ. ಫಿಲ್ಮ್ ಖರ್ಚು ಮಾಡದೆ, ಗೆಳತಿಯ ಡಿಜಿಟಲ್ ಕ್ಯಾಮೆರಾವನ್ನು ಮ್ಯಾನುವಲ್‌ನಲ್ಲಿಟ್ಟು, ಐಎಸ್ಒ 200, 1/60, ಎಫ್ 5.6 ಮಾಡಿ, ಫ್ಲ್ಯಾಶಿನಲ್ಲೂ ಅದೇ 200, ಅದೇ 5.6 ಇಟ್ಟು, ಒಂದೂವರೆ ಮೀಟರ್, ಮೂರು, ಐದು ಮೀಟರಿನಲ್ಲಿ ಅಕ್ಕನನ್ನು ನಿಲ್ಲಿಸಿ ಹೊಡೆದಳು. ಮೂರರಲ್ಲೂ ಮುಖದ ಬೆಳಕು ಹೆಚ್ಚುಕಡಿಮೆ ಒಂದೇ. ಬರೀ ಕಾಲು ಸ್ಟಾಪಿನಷ್ಟು ಗಾಢವಾಗಿ ಕಂಡದ್ದರಿಂದ ಫ್ಲ್ಯಾಶಿನ ಲೆಕ್ಕ ನಂಬಬಹುದೆಂದು, ಬಣ್ಣದ ನೆಗೆಟಿವ್ ಅಷ್ಟನ್ನು ಸಲೀಸಾಗಿ ನುಂಗುತ್ತದೆಂದು ಬಿಟ್ಟೆವು.

ಆಮೇಲೆ ಕೆ1000ರ ಮೇಲೆ ಕೂರಿಸಿದರೆ ಫ್ಲ್ಯಾಶ್ ಸುಮ್ಮನೆ. ಶಟರ್ ಟಕ್ ಅಂತು, ಬೆಳಕಿಲ್ಲ. ಫ್ಲ್ಯಾಶ್ ಡಿಜಿಟಲ್ ಮೇಲೆ ಈಗಷ್ಟೇ ಹೊಡೆದದ್ದರಿಂದ ದೋಷ ಕ್ಯಾಮೆರಾದಲ್ಲೇ ಎಂಬುದು ಹುಡುಕದೆಯೇ ಗೊತ್ತಾಯಿತು. ಮಸೂರ ಹಿಡಿದು ನೋಡಿದರೆ ಶೂ ನಡುವಿನ ಲೋಹದ ಚುಕ್ಕೆ ಹಳೇ ತಾಮ್ರದ ಕಾಸಿನ ಬಣ್ಣಕ್ಕೆ ತಿರುಗಿತ್ತು, ಪಕ್ಕದ ಹಳಿಗಳ ಒಳಬದಿಯಲ್ಲಿ ಜಿಡ್ಡು ಕಟ್ಟಿತ್ತು. ಸರ್ಕ್ಯೂಟಿನ ಇನ್ನೊಂದು ತುದಿ ಆ ಹಳಿಗಳೇ, ಅದನ್ನು ಬಹಳ ಜನ ಒರೆಸುವುದೇ ಇಲ್ಲ. ಪೆನ್ಸಿಲ್ ರಬ್ಬರಿನಿಂದ ಚುಕ್ಕೆ ಹೊಳೆಯುವವರೆಗೆ ತಿಕ್ಕಿ, ಹಳಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದಳು. ಮುಂದಿನ ಕ್ಲಿಕ್ಕಿಗೆ ಹೊಡೆಯಿತು. ಎಸ್‌ಬಿ-24ರ ಸ್ವಿಚ್ಚಿನಲ್ಲಿ ಆನ್ ಮತ್ತು ಸ್ಟ್ಯಾಂಡ್‌ಬೈ ಎಂಬ ಎರಡು ಸ್ಥಾನಗಳಿವೆ. ಸ್ಟ್ಯಾಂಡ್‌ಬೈನಲ್ಲಿ ಮಲಗಿದ್ದನ್ನು ಎಬ್ಬಿಸುವುದು ನಿಕಾನ್ ಕ್ಯಾಮೆರಾಗಳಿಗಷ್ಟೇ ಗೊತ್ತು, ಹಾಗಾಗಿ ಪೆಂಟಾಕ್ಸಿನ ಮೇಲೆ ಯಾವಾಗಲೂ ಆನ್.

ಕೊನೆಯದು ಶಟರಿನ ಪರೀಕ್ಷೆ. ಫಿಲ್ಮ್ ಹಾಕದೆ ಹಿಂಬಾಗಿಲು ತೆರೆದು, ಲೆನ್ಸನ್ನು ಎಫ್ 2ಕ್ಕೆ ಪೂರ್ತಿ ತೆಗೆದು, ಕ್ಯಾಮೆರಾದ ಬೆನ್ನಿಗೆ ಕಣ್ಣಿಟ್ಟು ಬಿಳಿ ಗೋಡೆಯ ಕಡೆ ಹೊಡೆಯಬೇಕು. 60ರಲ್ಲಿ ಇಡೀ ಆಯತ ಬೆಳ್ಳಗೆ ಮಿಂಚಿ ಮಾಯವಾಯಿತು. 125ರಲ್ಲಿ ಒಂದು ಪಕ್ಕ ಕತ್ತರಿಸಿದಂತೆ ಕಪ್ಪು. ಬಟ್ಟೆಯ ಪರದೆಗಳು ಇಷ್ಟು ವರ್ಷದ ಮೇಲೂ ಸರಿಯಾದ ಹೊತ್ತಿಗೆ ಓಡುತ್ತಿವೆ. ಹಳೇ ಕ್ಯಾಮೆರಾದಲ್ಲಿ 60ರಲ್ಲೂ ಅಂಚು ಕಪ್ಪಾದರೆ 30ಕ್ಕೆ ಇಳಿಸಿಕೊಂಡು ಬಳಸಬಹುದು, ಒಳಾಂಗಣದಲ್ಲಿ ನಷ್ಟವೇನಿಲ್ಲ.

ಶಾಂತಿಯ ದಿನ

ನಡುಮನೆಯ ಮೇಲೆ ಬಿಳಿ ತಾರಸಿಯಿಲ್ಲ. ಹೊಗೆ ಕುಡಿದ ಪಕಾಸಿ, ರೀಪು, ಅದರ ಮೇಲೆ ಮಂಗಳೂರು ಹಂಚು. ಮೇಲಕ್ಕೆ ಹೊಡೆದ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಫ್ಲ್ಯಾಶಿನ ತಲೆಯನ್ನು ಮೇಲೆ ಮಾಡಿ ಎಂಬ ಸಲಹೆ ಪೇಟೆಯ ಮನೆಗಳಿಗೆ ಸರಿ, ಇಲ್ಲಿ ಸುಣ್ಣ ಬಳಿದ ಪಕ್ಕದ ಗೋಡೆಯೇ ಗತಿ. ತಲೆಯನ್ನು ಎಡಕ್ಕೆ ತಿರುಗಿಸಿ ಎರಡು ಮೀಟರ್ ಆಚೆಯ ಗೋಡೆಗೆ ಹೊಡೆದಳು. ಅಲ್ಲಿಂದ ಕೂತವರವರೆಗೆ ಮೂರು ಮೀಟರ್. ಒಟ್ಟು ಐದು ಮೀಟರಿಗೆ ಎಫ್ 4 ಎಂದರೆ ಗೈಡ್ ನಂಬರ್ 20 ಬೇಕು. ಗೋಡೆ ಎರಡು ಸ್ಟಾಪ್ ನುಂಗುತ್ತದೆಂದು ಹಿಡಿದರೆ 40. ಫ್ಲ್ಯಾಶಿನದು 200ರ ಫಿಲ್ಮಿಗೆ 50. ಎಎಫ್160 ತಂದಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ.

ಹಾಗೆ ತೆಗೆದವೇ ಇಡೀ ರೋಲಿನಲ್ಲಿ ಚೆನ್ನಾಗಿ ಬಂದವು. ಅಜ್ಜ ಮಣೆಯ ಮೇಲೆ ಕೂತು ಕಂಕಣ ಕಟ್ಟಿಸಿಕೊಳ್ಳುವ ಚಿತ್ರದಲ್ಲಿ ಬೆಳಕು ಕಿಟಕಿಯಿಂದ ಬಂದಂತಿದೆ, ಅವರ ಕೈಯ ನರ ಎಣಿಸಬಹುದು. ದೀಪದ ಕಂಬಗಳ ಎದುರು 1/15ಕ್ಕೆ ಇಳಿಸಿದ್ದಳು. 60 ಎನ್ನುವುದು ಮೇಲಿನ ಮಿತಿ ಮಾತ್ರ, ಕೆಳಗೆ ಎಷ್ಟು ನಿಧಾನವಾದರೂ ಆಗುತ್ತದೆ. ಫ್ಲ್ಯಾಶ್ ಜನರನ್ನು ನಿಲ್ಲಿಸಿತು, ನಿಧಾನದ ಶಟರ್ ದೀಪದ ಹಳದಿಯನ್ನು ಉಳಿಸಿತು.

ಕೆಟ್ಟದ್ದು ಹೋಮದ ಚಿತ್ರಗಳು. ಹೊಗೆ ಕ್ಯಾಮೆರಾಕ್ಕೂ ಪುರೋಹಿತರಿಗೂ ನಡುವೆ ಇತ್ತು. ನೇರ ಹೊಡೆದ ಬೆಳಕು ಮೊದಲು ಹೊಗೆಗೆ ಬಡಿದು, ಸೆನ್ಸರ್ ಅದನ್ನೇ ಎದುರಿನ ವಸ್ತುವೆಂದು ತಿಳಿದು ಬೇಗ ಕಡಿದುಬಿಟ್ಟಿದೆ. ಮುಂದೆ ಬಿಳಿ ಮಂಜು, ಹಿಂದೆ ಕಪ್ಪು ಆಕೃತಿಗಳು. ಫ್ಲ್ಯಾಶ್ ಆರಿಸಿ 1/30, ಎಫ್ 2ರಲ್ಲಿ ಉರಿಯ ಬೆಳಕಿಗೇ ತೆಗೆದ ಒಂದು ಮಾತ್ರ ಉಳಿಯಿತು. ಉಜ್ಜಿ ಫಳಫಳ ಮಾಡಿದ ಹಿತ್ತಾಳೆ ಕೊಳಗ ಎದುರಿಗಿದ್ದ ಕಡೆಯೂ ಕಣ್ಣು ಹೀಗೇ ಮೋಸಹೋಗಿ ಮುಖಗಳು ಕಂದಿವೆ. ಬಿಳಿ ಪಂಚೆಯ ಸಾಲಿಗೆ ಮೈಸೂರಿನ ಹಿರಿಯರ ಅರ್ಧ ಸ್ಟಾಪ್ ಸರಿಯಾಗಿ ಕೂತಿತು.

ಗುಂಪು ಫೋಟೊವನ್ನು ಒಳಗೆ ತೆಗೆಯಬೇಡ ಎಂದು ನಾನೇ ಹೇಳಿದ್ದೆ. ಮುಂದಿನ ಸಾಲು ಮೂರು ಮೀಟರಿನಲ್ಲೂ ಹಿಂದಿನದು ನಾಲ್ಕೂವರೆಯಲ್ಲೂ ಇದ್ದರೆ ಹಿಂದಿನವರಿಗೆ ಬೀಳುವುದು ಅರ್ಧಕ್ಕಿಂತ ಕಡಿಮೆ ಬೆಳಕು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅದನ್ನು ಯಾವ ಫ್ಲ್ಯಾಶೂ ತಿದ್ದಲಾರದು. ಮಂದಿಯನ್ನೆಲ್ಲ ಅಂಗಳಕ್ಕೆ ಕರೆದಳು. ಮೋಡ ಮುಸುಕಿದ್ದರಿಂದ 1/60ರಲ್ಲಿ ಎಫ್ 8 ಸಾಕಾಯಿತು, ಕಣ್ಣಿನ ಕೆಳಗಿನ ನೆರಳಿಗೆ ಸ್ವಲ್ಪ ಫ್ಲ್ಯಾಶ್. ಬಿಸಿಲು ಬಿದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. 200ರ ಫಿಲ್ಮಿಗೆ ಸುಡುಬಿಸಿಲಿನಲ್ಲಿ 1/60ಕ್ಕೆ ಎಫ್ 32 ಬೇಕು, ಈ ಲೆನ್ಸ್ 22ಕ್ಕೇ ನಿಲ್ಲುತ್ತದೆ.

ಫ್ಲ್ಯಾಶ್ ಈಗಲೂ ಅವಳ ಬಳಿಯೇ ಇದೆ. ಬಳಸದಾಗ ಸೆಲ್ ತೆಗೆದಿಡುತ್ತಾಳೆ, ತಿಂಗಳಿಗೊಮ್ಮೆ ಹಾಕಿ ನಾಲ್ಕಾರು ಸಲ ಪೂರ್ತಿ ಶಕ್ತಿಯಲ್ಲಿ ಹೊಡೆದು ಕೆಪಾಸಿಟರನ್ನು ಎಚ್ಚರವಾಗಿಡುತ್ತಾಳೆ. ಎಲ್‌ಸಿಡಿಯ ಕಪ್ಪು ಇನ್ನೊಂದು ಮೂಲೆಗೂ ಹಬ್ಬಿದೆ. ಅಂಕಿಗಳು ಪೂರ್ತಿ ಮರೆಯಾಗುವ ಮುಂಚೆ, ಎಷ್ಟು ಮೀಟರಿಗೆ ಯಾವ ಅಪರ್ಚರ್ ಎಂಬ ಪಟ್ಟಿಯನ್ನು ಮ್ಯಾನುವಲ್ ಪೂರ್ತಿ ಶಕ್ತಿಗೆ ಲೆಕ್ಕ ಹಾಕಿ, ಬಿಳಿ ಟೇಪಿನ ಮೇಲೆ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿದ್ದಾಳೆ.